ಪರದೆಯಾಚೆಯ ಬಲಗೈ

ಜೇಡ್ ಚಿಲುಮೆ ಆಶ್ರಮ,
ಚಿಂಗ್‌ಚೆಂಗ್ ಬೆಟ್ಟ
9 ಏಪ್ರಿಲ್ 1985

ಅಮ್ಮಾ,

ಮೊದಲು ಸುದ್ದಿ, ಆಮೇಲೆ ಕ್ಷೇಮಸಮಾಚಾರ. ನಾನು ಪಾಸಾದೆ. ಇವತ್ತು ಬೆಳಿಗ್ಗೆಯಿಂದ ನಾನು ಹತ್ತಿಯ ಉಂಡೆಗಲ್ಲ, ಸೇಬಿಗಲ್ಲ, ಮನುಷ್ಯರ ಮೈಗೆ ಚಿಕಿತ್ಸೆಯ ಸೂಜಿ ಹಾಕಬಹುದು. ಗುರುಮ್ಮ ಎಲ್ಲರ ಮುಂದೆ ಹೇಳಿದರು. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಖುಷಿಗೆ ಅವಸರವಾಗಿ ಬರೆಯುತ್ತಿದ್ದೇನೆ. ಸೂಜಿ ಹಾಕುವಾಗ ಅವಸರ ಮಾಡಲಿಲ್ಲ. ಅಂದರೆ, ಎರಡನೇ ಸಲ ಮಾಡಲಿಲ್ಲ. ಅದನ್ನು ಮುಂದೆ ಬರೆಯುತ್ತೇನೆ.

ಹಿಂದಿನ ಕಾಗದಗಳಿಗೆ ನೀನು ಉತ್ತರ ಬರೆದಿಲ್ಲ. ಇದಕ್ಕೂ ಬರೆಯದಿದ್ದರೆ ಪರವಾಗಿಲ್ಲ, ಓದಿದರೆ ಸಾಕು. ನಿನ್ನ ಸಿಟ್ಟು ನನಗೆ ಗೊತ್ತು. ನಿನ್ನ ಜಾಗ ನನಗೆ ಸಿಗಲಿ ಅಂತ ನೀನು ಕಸೂತಿ ಕಾರ್ಖಾನೆಯಿಂದ ಅವಧಿಗೆ ಮುಂಚೆ ನಿವೃತ್ತಿಯಾದೆ. ಆ ಜಾಗದಲ್ಲಿ ಎರಡು ವರ್ಷ ಕೂತು ನಾನು ಎದ್ದು ಬಂದೆ. ಬಸ್ ನಿಲ್ದಾಣದಲ್ಲಿ, ನನ್ನ ಹಾಸಿಗೆ ಸುರುಳಿಯನ್ನು ಬಸ್ಸಿನ ಮೇಲೆ ಏರಿಸುತ್ತಿದ್ದವನೂ ತಿರುಗಿ ನೋಡುವ ಹಾಗೆ ನೀನು ಹೇಳಿದ ಮಾತು ಮರೆತಿಲ್ಲ. "ಸೂಜಿ ಹಿಡಿಯೋಕೆ ಬೆಟ್ಟಕ್ಕೆ ಹೋಗ್ಬೇಕಾ? ಮನೇಲಿ ಸೂಜಿಗೆ ಬರ ಬಂದಿತ್ತಾ? ಆ ಬೆಟ್ಟದ ಮೆಟ್ಟಿಲು ನಾನು ಹತ್ತಿದ್ರೆ ನನ್ನ ಕೈ ಬಿದ್ದು ಹೋಗ್ಲಿ."

ಅವತ್ತು ನನಗೂ ಸಿಟ್ಟು ಬಂದಿತ್ತು. ಇವತ್ತು ಸಿಟ್ಟಿಗೆ ಪುರುಸೊತ್ತಿಲ್ಲ. ಎಲ್ಲವನ್ನೂ ಮೊದಲಿನಿಂದ ಹೇಳಬೇಕು, ಯಾಕೆಂದರೆ ನಾನು ಪಾಸಾದದ್ದು ನಿನ್ನಿಂದ. ಮುಖಸ್ತುತಿ ಅಂದುಕೊಳ್ಳಬೇಡ, ಕೊನೆಯವರೆಗೆ ಓದು.

ಇಲ್ಲಿಗೆ ಬಂದವರೆಲ್ಲ ಮೊದಲು ನಿಲ್ಲುವುದನ್ನು ಕಲಿಯಬೇಕು. ನಗಬೇಡ. ಬೆಳಗಿನ ಗಂಟೆ ಬಾರಿಸಿದ ಕೂಡಲೇ ಅಂಗಳದ ಗಿಂಕೊ ಮರದ ಕೆಳಗೆ, ಮಂಡಿ ಚೂರು ಬಗ್ಗಿಸಿ, ದೊಡ್ಡ ಮರವನ್ನು ತಬ್ಬಿದ ಹಾಗೆ ಕೈ ಚಾಚಿ ನಿಲ್ಲಬೇಕು. ಕಾಲು ನಡುಗುತ್ತದೆ, ಭುಜ ಉರಿಯುತ್ತದೆ. ಕುವಾಂಗ್ ಗುರುಮ್ಮ ಬೂದು ಬಣ್ಣದ ನಿಲುವಂಗಿ ತೊಟ್ಟು, ಜುಟ್ಟಿಗೆ ಮರದ ಕಡ್ಡಿ ಸಿಕ್ಕಿಸಿಕೊಂಡು, ಉಪ್ಪಿನಕಾಯಿ ಜಾಡಿಗಳ ಬಾಯಂಚಿನ ನೀರು ಬದಲಿಸುತ್ತಾ ನಮ್ಮನ್ನು ನೋಡುತ್ತಿರುತ್ತಾರೆ. ಎಪ್ಪತ್ತು ದಾಟಿದ, ತಾವೋ ಪಂಥದ ಸನ್ಯಾಸಿನಿ ಅವರು. ಬೆಟ್ಟಕ್ಕೆ ಹೊರೆ ಹೊರುವ ಕೂಲಿಗಳಿಂದ ಹಿಡಿದು ಕೌಂಟಿ ಕಚೇರಿಯ ಅಧಿಕಾರಿಗಳವರೆಗೆ ಎಲ್ಲರ ಸೊಂಟನೋವೂ ಅವರ ಸೂಜಿಯಲ್ಲೇ ವಾಸಿಯಾಗಿದೆ. "ನಿಮ್ಮ ಉಸಿರು ನಿಮ್ಮ ಮಾತೇ ಕೇಳಲ್ಲ, ಇನ್ನು ಬೇರೆಯೋರ ಉಸಿರು ಕೇಳುತ್ತಾ? ನಿಲ್ಲಿ ಸುಮ್ನೆ," ಅನ್ನುತ್ತಾರೆ.

ನಿಲ್ಲುವುದು ಬಂದ ಮೇಲೆ ಸೂಜಿ. ಮೊದಲು ಕಾಗದದ ಕಂತೆಗೆ, ಆಮೇಲೆ ದಾರ ಸುತ್ತಿದ ಹತ್ತಿಯ ಉಂಡೆಗೆ, ಆಮೇಲೆ ನೀರಿನ ಬೋಗುಣಿಯಲ್ಲಿ ತೇಲುವ ಸೇಬಿಗೆ. ಸೇಬು ಮುಳುಗಬಾರದು, ಹೊರಳಬಾರದು, ಬೋಗುಣಿಯ ಅಂಚಿಗೆ ಬಡಿಯಬಾರದು. ಅದಾದ ಮೇಲೆ ಸ್ವಂತ ಕಾಲಿಗೆ. ಮಂಡಿಯ ಕೆಳಗೆ ಒಂದು ಬಿಂದುವಿದೆ, ಅಲ್ಲಿಗೆ ನಾನೇ ಹಾಕಿಕೊಂಡ ದಿನ ಪಾದದವರೆಗೂ ಒಂದು ಭಾರ ಇಳಿಯಿತು, ಯಾರೋ ಒಳಗಿನಿಂದ ಬೆಚ್ಚನೆ ಮರಳು ಸುರಿದ ಹಾಗೆ. ಅವತ್ತು ನಾನು ಎರಡು ಬಟ್ಟಲು ಅನ್ನ ಜಾಸ್ತಿ ಉಂಡೆ.

ನನಗೆ ಇದೆಲ್ಲ ಸುಲಭ ಅಂದುಕೊಂಡೇ ಬಂದಿದ್ದೆ. ಏಳು ವರ್ಷದವಳಿದ್ದಾಗಿನಿಂದ ಸೂಜಿ ಹಿಡಿದವಳು. ಕೂದಲಿಗಿಂತ ಸಣ್ಣ ರೇಷ್ಮೆ ಎಳೆಯಲ್ಲಿ ಮೀನಿನ ಹುರುಪೆ ತುಂಬಿದವಳು. ಆದರೆ ಇಲ್ಲಿ ನನಗಿಂತ ದಡ್ಡರು ಯಾರೂ ಇರಲಿಲ್ಲ.

ಮೊದಲ ದಿನವೇ ಗುರುಮ್ಮ ಕೊಟ್ಟ ಸೂಜಿಯನ್ನು ಅಭ್ಯಾಸಬಲದಿಂದ ತುಟಿಗೆ ತಾಗಿಸಿದೆ, ದಾರದ ತುದಿ ಒದ್ದೆ ಮಾಡುವ ಹಾಗೆ. ಕೈ ಮೇಲೆ ಪಟ್ಟನೆ ಒಂದು ಏಟು ಬಿತ್ತು. "ಕುದಿಸಿ ಶುದ್ಧ ಮಾಡಿದ ಸೂಜಿ ಅದು. ನೆಕ್ಕೋಕೆ ಬೆಲ್ಲದ ಕಡ್ಡೀನಾ?"

ಅದಕ್ಕಿಂತ ದೊಡ್ಡ ಫಜೀತಿ ಪಾಂಗ್‌ನ ಕಾಲಿನಲ್ಲಿ ಆಯಿತು. ಪಾಂಗ್ ನನ್ನ ಸಹಪಾಠಿ, ಮೊದಲು ಲಾರಿ ಡಿಪೋದಲ್ಲಿ ಅಡುಗೆಯವನಾಗಿದ್ದ. ಕಾಲೆಂದರೆ ಹಂದಿಯ ತೊಡೆಯಷ್ಟು ದಪ್ಪ. ಪರಸ್ಪರ ಹಾಕಿಕೊಂಡು ಕಲಿಯುವ ದಿನ ಅವನ ಮೀನಖಂಡದ ಮುಂದೆ ಕೂತೆ. ಬಲಗೈಯಲ್ಲಿ ಸೂಜಿ ಮೇಲಿಟ್ಟೆ. ನನಗೇ ಗೊತ್ತಿಲ್ಲದೆ ಎಡಗೈ, ಕಸೂತಿ ಚೌಕಟ್ಟಿನ ಬಟ್ಟೆಯ ಕೆಳಗೆ ಹೋಗುವ ಹಾಗೆ, ಅವನ ಕಾಲಿನ ಕೆಳಗೆ ಹೋಗಿ ಅಂಗೈ ಬಿಚ್ಚಿಕೊಂಡು ಕಾಯುತ್ತಿತ್ತು, ಆ ಕಡೆ ಹೊರಬರುವ ಸೂಜಿಯನ್ನು ಹಿಡಿದು ವಾಪಸ್ ಮೇಲಕ್ಕೆ ಕಳಿಸಲು. ಪಾಂಗ್ ಬಗ್ಗಿ ನೋಡಿದ. ಮುಖ ಬಿಳಿಚಿಕೊಂಡಿತು. "ಅಮ್ಮಾ ತಾಯಿ, ನನ್ನ ಕಾಲಿಗೆ ದಾಸವಾಳ ಹೂವು ತೆಗೀತೀಯಾ? ಗುರುಮ್ಮಾ, ಇವಳು ಸೂಜೀನ ಆ ಕಡೆ ಎಳ್ಕೊಳ್ಳೋಕೆ ಕಾಯ್ತಾ ಇದಾಳೆ." ಇಡೀ ಅಂಗಳ ನಕ್ಕಿತು. ಕಷಾಯ ಕುದಿಸುವ ಅಜ್ಜ ಇವತ್ತಿಗೂ ನನ್ನನ್ನು ಕಂಡರೆ ಕಾಲು ಎಳೆದುಕೊಳ್ಳುತ್ತಾನೆ.

ಆಮೇಲೆ ತಿಂಗಳುಗಟ್ಟಲೆ ನಾನು ಎಡಗೈಯನ್ನು ಹದ್ದುಬಸ್ತಿನಲ್ಲಿಟ್ಟೆ. ಬೆನ್ನ ಹಿಂದೆ ಕಟ್ಟಿದ ಹಾಗೆ ಇಟ್ಟುಕೊಂಡು ಬಲಗೈಯೊಂದನ್ನೇ ಪಳಗಿಸಿದೆ. ಬಲಗೈ ನಯವಾಯಿತು, ವೇಗವಾಯಿತು, ಸೇಬು ಅಲುಗಲಿಲ್ಲ. ಆದರೂ ಗುರುಮ್ಮ ಅಡ್ಡಡ್ಡ ತಲೆಯಾಡಿಸುತ್ತಿದ್ದರು. "ಸೂಜಿ ಚೆನ್ನಾಗಿ ಹೋಗುತ್ತೆ ಕಣೆ, ಆದ್ರೆ ಸುಮ್ನೆ ಹೋಗುತ್ತೆ. ಬಾಗಿಲು ತಟ್ಟಿದ ಮೇಲೆ ಒಳಗಿರೋರು ಬರೋತನಕ ನಿಂತಿರ್ಬೇಕಲ್ವಾ? ನೀನು ತಟ್ಟಿ ಓಡಿಹೋಗೋ ಪೋಲಿ ಹುಡುಗಿ ಥರ ಮಾಡ್ತೀಯ."

ಬಾಗಿಲಿಗೆ ಬರುವುದು ಅಂದರೆ ಏನು ಅಂತ ನಿನಗೆ ಹೇಳಬೇಕು. ಸೂಜಿ ಸರಿಯಾದ ಜಾಗ ಮುಟ್ಟಿದರೆ ರೋಗಿಗೆ ನೋವಲ್ಲದ ಒಂದು ಭಾರ, ಒಂದು ಜುಮ್ಮು ತಿಳಿಯುತ್ತದೆ. ಹಾಕಿದವರ ಬೆರಳಿಗೂ ತಿಳಿಯಬೇಕು. ಗಾಳಕ್ಕೆ ಮೀನು ಕಚ್ಚಿದ ಹಾಗೆ ಸೂಜಿಯನ್ನು ಒಳಗಿನಿಂದ ಏನೋ ಹಿಡಿಯುತ್ತದೆ. ನನ್ನ ಸೂಜಿಗೆ ಯಾವ ಮೀನೂ ಕಚ್ಚುತ್ತಿರಲಿಲ್ಲ. ನನ್ನ ಕಾಲಿನಲ್ಲಿ ಮಾತ್ರ ಕಚ್ಚಿತ್ತು, ಬೇರೆಯವರಲ್ಲಿ ಇಲ್ಲ.

ಹೀಗಿರುವಾಗ ಪರೀಕ್ಷೆ ಬಂತು. ಗುರುಮ್ಮನ ಪರೀಕ್ಷೆಯ ಕ್ರಮ ಬೇರೆ ಎಲ್ಲೂ ಇಲ್ಲ. ಚಿಕಿತ್ಸೆಯ ಕೋಣೆಯ ನಡುವೆ ನೀಲಿ ಬಟ್ಟೆಯ ಪರದೆ ಕಟ್ಟುತ್ತಾರೆ. ಆಚೆ ರೋಗಿ ಬಿದಿರಿನ ಕುರ್ಚಿಯಲ್ಲಿ ಕೂತಿರುತ್ತಾರೆ. ಪರದೆಯ ಸೀಳಿನಿಂದ ಕೈಯೋ ಕಾಲೋ ಮಾತ್ರ ಈಚೆ ಬರುತ್ತದೆ. ಮುಖ ಕಾಣುವಂತಿಲ್ಲ, ಯಾಕೆಂದರೆ ಹೊಸಬರು ರೋಗಿಯ ಹುಬ್ಬು ನೋಡಿ ಸೂಜಿ ಆಡಿಸುತ್ತಾರೆ. ರೋಗಿ ಮಾತಾಡುವಂತಿಲ್ಲ. ಜುಮ್ಮು ಬಂದರೆ ಕುರ್ಚಿಯ ತೋಳಿಗೆ ಒಂದು ತಟ್ಟು, ಬರದಿದ್ದರೆ ಎರಡು. ಎರಡು ಅವಕಾಶ ಮಾತ್ರ. ಎರಡೂ ಸೋತರೆ ಮತ್ತೆ ಹತ್ತಿಯ ಉಂಡೆ, ಮುಂದಿನ ವಸಂತದವರೆಗೆ. ನನಗೆ ಮುಂದಿನ ವಸಂತ ಇರಲಿಲ್ಲ ಅಮ್ಮ. ಆಶ್ರಮದಲ್ಲಿ ಕಲಿಯಲು ಕೌಂಟಿಯವರು ಕೊಟ್ಟ ಅನುಮತಿ ಈ ಬೇಸಿಗೆಗೆ ಮುಗಿಯುತ್ತದೆ. ಪಾಸಾದವರು ಮಾತ್ರ ಉಳಿಯುತ್ತಾರೆ.

ಬೆಳಿಗ್ಗೆ ರೋಗಿಗಳು ಬಂದ ಸದ್ದು ಕೇಳಿಸಿತು. ಬೆಟ್ಟ ಹತ್ತಿ ಬಂದವರಿಗೆ ಕೂಡಲೇ ಸೂಜಿ ಹಾಕುವ ಹಾಗಿಲ್ಲ, ನಾಡಿ ತಣ್ಣಗಾಗುವವರೆಗೆ ಕೂರಬೇಕು. ಹಸಿದ ಹೊಟ್ಟೆಗೂ ಹಾಕುವ ಹಾಗಿಲ್ಲ. ಪರದೆಯಾಚೆ ಗುರುಮ್ಮ ಯಾರನ್ನೋ ಕೇಳುತ್ತಿದ್ದರು, "ಊಟ ಆಗಿದೆಯಾ?" ಒಂದು ತಟ್ಟು. ಅದರ ಬೆನ್ನಿಗೇ ಯಾರದೋ ಹೊಟ್ಟೆ ಗುರ್ ಅಂದದ್ದು ಈ ಕಡೆ ನಮಗೂ ಕೇಳಿಸಿತು. "ನಿಮ್ಮ ಕೈ ಒಂದು ಹೇಳುತ್ತೆ, ಹೊಟ್ಟೆ ಇನ್ನೊಂದು ಹೇಳುತ್ತೆ. ನಾನು ಯಾರನ್ನ ನಂಬ್ಲಿ? ತಗೊಳ್ಳಿ, ಈ ಬನ್ನು ತಿನ್ನಿ, ಶುಂಠಿ ನೀರು ಕುಡೀರಿ." ಪಾಂಗ್ ನನ್ನ ಕಿವಿಯಲ್ಲಿ, "ನಿನ್ನ ಪಾಲಿಗೆ ಮೊಂಡು ಗಿರಾಕಿ ಬಂದಿದೆ," ಅಂದ.

ಪಾಂಗ್ ಮೊದಲು ಹೋದ. ಅವನ ರೋಗಿ ಒಬ್ಬ ಹೊರೆಯಾಳು, ಮಂಡಿನೋವು. ಪಾಂಗ್ ಹಾಕಿದ ಮೊದಲ ಸೂಜಿಗೇ ಪರದೆಯಾಚೆ ಕುರ್ಚಿ ಮುರಿಯುವ ಹಾಗೆ ಒಂದು ತಟ್ಟು. ನಿಯಮ ಮರೆತು, "ಅಯ್ಯಪ್ಪಾ, ಹೆಬ್ಬೆರಳಿಗೆ ಹೋಯ್ತು," ಅಂತ ಮಾತೂ ಬಂತು. ಪಾಂಗ್ ಗೆದ್ದ ಹುಂಜದ ಹಾಗೆ ನಡೆದು ಬಂದ.

ಆಮೇಲೆ ನಾನು.

ಪರದೆಯ ಸೀಳಿನಿಂದ ಒಂದು ಬಲಗೈ ಬಂದು, ಹುರುಳಿ ಹೊಟ್ಟಿನ ಪುಟ್ಟ ದಿಂಬಿನ ಮೇಲೆ ಅಂಗೈ ಮೇಲಾಗಿ ಮಲಗಿತು. ಗುರುಮ್ಮ ಹೇಳಿದರು, "ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು. ಹಿಡಿದಿದ್ದು ಜಾರಿ ಬೀಳುತ್ತೆ. ಮಣಿಕಟ್ಟಿನ ಒಳಗಡೆ ಹಾಕು."

ಆ ಕೈಯನ್ನು ನಾನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ವಯಸ್ಸಾದ ಹೆಂಗಸಿನ ಕೈ. ಆದರೆ ಮೆಣಸಿನಕಾಯಿ ಹೆಚ್ಚಿದ ಕೈಯಲ್ಲ, ಗೆಣಸು ಸುಲಿದ ಕೈಯಲ್ಲ. ರೇಷ್ಮೆ ಸಿಕ್ಕಿಕೊಳ್ಳದಿರಲಿ ಅಂತ ಜೀವಮಾನವಿಡೀ ಎಣ್ಣೆ ಹಚ್ಚಿ ಸಾಕಿದ ಹಾಗೆ ನುಣ್ಣಗಿತ್ತು. ಉಗುರುಗಳನ್ನು ಒಂದೇ ಅಳತೆಗೆ ಉಜ್ಜಿದ್ದರು. ನಡುಬೆರಳಿನ ಸುತ್ತ ಬಿಸಿಲು ಕಾಣದ ಬಿಳಿ ಪಟ್ಟಿಯೊಂದಿತ್ತು, ಬಹಳ ವರ್ಷ ಹಾಕಿದ್ದ ಉಂಗುರವನ್ನು ಆಗಷ್ಟೇ ಕಳಚಿದ ಹಾಗೆ. ಯಾರೋ ಒಳ್ಳೆಯ ಕೆಲಸಗಾರರು ಇರಬೇಕು ಅಂದುಕೊಂಡೆ. ಅಷ್ಟೇ ಅಂದುಕೊಂಡೆ.

ಬಲಗೈಯಲ್ಲಿ ಸೂಜಿ ಹಿಡಿದೆ. ಎಡಗೈ ಎಂದಿನಂತೆ ಬೆನ್ನ ಹಿಂದಿತ್ತು. ಅವಸರದಲ್ಲಿ ಹಾಕಿದೆ. ಸೂಜಿ ಹೋಯಿತು, ಸುಮ್ಮನೆ ಹೋಯಿತು. ಪರದೆಯಾಚೆಯಿಂದ ಸದ್ದು ಬಂತು. ಟಕ್ ಟಕ್.

ಬೆರಳ ಗಂಟಿನ ಸದ್ದಲ್ಲ ಅದು, ಬಿದಿರಿಗೆ ಲೋಹ ತಾಗಿದ ಸದ್ದು. ಅಮ್ಮ, ನಾನು ಚಿಕ್ಕವಳಿದ್ದಾಗ ಚೌಕಟ್ಟಿನ ಆ ಕಡೆ ಕೂತು ನೀನು ಬೆರಳಿನ ಹೊಲಿಗೆಯುಂಗುರದಿಂದ ಮರಕ್ಕೆ ತಟ್ಟುತ್ತಿದ್ದದ್ದು ನೆನಪಿದೆಯಾ? ಒಂದು ತಟ್ಟಿದರೆ ಸರಿ, ಮುಂದೆ ಹೋಗು. ಎರಡು ತಟ್ಟಿದರೆ ಬಿಚ್ಚು. ಬಾಯಲ್ಲಿ ಒಂದು ಮಾತೂ ಇರುತ್ತಿರಲಿಲ್ಲ. ಎಷ್ಟು ಮೀನುಗಳ ಬಾಲ ಬಿಚ್ಚಿಸಿದ್ದೀಯ ನೀನು. ಯಾಕೋ ಆ ಸದ್ದಿಗೆ ಅದು ನೆನಪಾಯಿತು.

ಸೂಜಿ ತೆಗೆದೆ. ಪಾಂಗ್ ಕೆಮ್ಮಿದ. ಇನ್ನೊಂದೇ ಅವಕಾಶ ಉಳಿದಿತ್ತು. ಇದರಲ್ಲಿ ಸೋತರೆ ಹಾಸಿಗೆ ಸುರುಳಿ ಕಟ್ಟಿಕೊಂಡು ಇಳಿದು ಹೋಗಬೇಕು, ಕಾರ್ಖಾನೆಯಲ್ಲಿ ಜಾಗವೂ ಇಲ್ಲ, ಇಲ್ಲೂ ಇಲ್ಲ.

ಆಗ ನಾನು ಕಣ್ಣು ಮುಚ್ಚಿದೆ. ಎರಡು ತಟ್ಟಿದ ಮೇಲೆ ನೀನು ಏನು ಮಾಡುತ್ತಿದ್ದೆ ಅಂತ ನೆನೆಸಿಕೊಂಡೆ. ಎದ್ದು ನನ್ನ ಹತ್ತಿರ ಬಂದು, ಬಟ್ಟೆಯ ಕೆಳಗಿದ್ದ ನನ್ನ ಎಡಗೈಯನ್ನು ಹಿಡಿದು, "ಮೇಲಿನ ಕೈ ಮೆರೆಯೋದು, ಕೆಳಗಿನ ಕೈ ಕೆಲಸ ಮಾಡೋದು. ಕಾಣಲ್ಲ ಅಂತ ಅದನ್ನ ಮರೀಬೇಡ. ಸೂಜಿ ಎಲ್ಲಿ ಬರುತ್ತೆ ಅಂತ ಅದಕ್ಕೇ ಗೊತ್ತು," ಅನ್ನುತ್ತಿದ್ದೆ. ಇಷ್ಟು ದಿನ ಯಾವ ಕೈಯನ್ನು ನಾಚಿಕೆಯಿಂದ ಬೆನ್ನ ಹಿಂದೆ ಬಚ್ಚಿಟ್ಟಿದ್ದೆನೋ ಅದನ್ನು ಹೊರಗೆ ತೆಗೆದೆ. ಎಡ ಹೆಬ್ಬೆರಳನ್ನು ಆ ಮಣಿಕಟ್ಟಿನ ಮೇಲೆ, ಎರಡು ಸ್ನಾಯುಹುರಿಗಳ ನಡುವೆ ಇಟ್ಟೆ. ಒತ್ತಲಿಲ್ಲ. ಬಟ್ಟೆಯ ಕೆಳಗೆ ಕತ್ತಲಲ್ಲಿ ಕಾಯುವ ಹಾಗೆ ಕಾದೆ. ಚರ್ಮದ ಕೆಳಗೆ ನಾಡಿ ಓಡುತ್ತಿತ್ತು, ಬೆಟ್ಟ ಹತ್ತಿ ಬಂದವರ ನಾಡಿಗಿಂತ ಜೋರಾಗಿ. ಅವರಿಗೂ ಭಯವಿತ್ತು ಅಂತ ಕಾಣುತ್ತದೆ. ಅದು ನಿಧಾನವಾಗುವವರೆಗೆ ನನ್ನ ಉಸಿರನ್ನೂ ನಿಧಾನ ಮಾಡಿದೆ. ಆಮೇಲೆ ಹೆಬ್ಬೆರಳ ಕೆಳಗೆ ಒಂದು ಸಣ್ಣ ತಗ್ಗು ತಾನಾಗಿ ಸಿಕ್ಕಿತು. ಎಡಗೈ ತೋರಿಸಿದ ಜಾಗಕ್ಕೆ ಬಲಗೈ ಸೂಜಿ ಇಳಿಸಿತು.

ಏನೂ ಆಗಲಿಲ್ಲ. ನಾನು ಓಡಲಿಲ್ಲ, ಬಾಗಿಲ ಮುಂದೆ ನಿಂತೆ.

ಆಮೇಲೆ ಕಚ್ಚಿತು ಅಮ್ಮ. ಮೆತ್ತಗೆ, ಒಳಗಿನಿಂದ, ಮೀನು ಕಚ್ಚಿತು. ಆ ಜೋಮು ಹಿಡಿದ ನಡುಬೆರಳು ತಾನಾಗಿ ಚೂರು ಮಡಿಸಿಕೊಂಡಿತು. ಗುರುಮ್ಮ ಪರದೆಯಾಚೆ ಬಗ್ಗಿ ನೋಡಿದರು.

ಟಕ್.

ಒಂದೇ ತಟ್ಟು. ಮೂರು ವರ್ಷಕ್ಕೊಮ್ಮೆ ಸಿಗುತ್ತಿದ್ದ ಆ ಒಂದು ತಟ್ಟು ಕೇಳಿದ ಹಾಗೆ ನನ್ನ ಕಣ್ಣಲ್ಲಿ ನೀರು ಬಂತು. ಗುರುಮ್ಮ, "ಸೂಜಿ ಮೇಲೆ ಕಣ್ಣೀರು ಬೀಳಿಸ್ಬೇಡ, ಮತ್ತೆ ಕುದಿಸ್ಬೇಕಾಗುತ್ತೆ," ಅಂದು ತಮ್ಮ ನಿಲುವಂಗಿಯ ತೋಳಿನಿಂದ ನನ್ನ ಮುಖ ಒರೆಸಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಇವಳು ಇರ್ತಾಳೆ," ಅಂದರು. ನನ್ನ ಪರೀಕ್ಷೆಯ ಫಲಿತಾಂಶ ಇಷ್ಟೇ, ಎರಡು ಪದ.

ಸೂಜಿ ತೆಗೆದ ಮೇಲೆ ಆ ಕೈ ಕೂಡಲೇ ಒಳಗೆ ಹೋಗಲಿಲ್ಲ. ದಿಂಬಿನ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. ನಾನೂ ನನ್ನ ಎಡಗೈ ತೆಗೆಯಲಿಲ್ಲ. ಆಮೇಲೆ ಅದು ಮೆಲ್ಲಗೆ ಜಾರಿ ಹೋಯಿತು. ಪರದೆ ಸರಿಸುವಷ್ಟರಲ್ಲಿ ಕುರ್ಚಿ ಖಾಲಿ.

"ಆ ಅಮ್ಮನವರು ಯಾರು?" ಅಂತ ಗುರುಮ್ಮನನ್ನು ಕೇಳಿದೆ.

"ರೋಗಿ."

"ಯಾವೂರಿನವರು?"

"ಕೈ ನೋಯೋ ಊರಿನವರು. ಹೋಗಿ ಸೂಜಿ ತೊಳಿ."

ಪಾಂಗ್‌ಗೆ ಸುಮ್ಮನಿರಲು ಬರುವುದಿಲ್ಲ, ಅಡುಗೆಮನೆಯ ಹಿಂದಿನ ಗೋಡೆ ಹತ್ತಿ ನೋಡಿ ಬಂದು ವರದಿ ಒಪ್ಪಿಸಿದ. ಇಬ್ಬರು ಹೆಂಗಸರು ಸೌದೆಯವರ ಕಾಲುದಾರಿಯಲ್ಲಿ ಇಳಿಯುತ್ತಿದ್ದರಂತೆ. ಒಬ್ಬರು ದಪ್ಪಗೆ, ಕೈಯಲ್ಲಿ ಕೊಡೆ, ದಾರಿಯುದ್ದಕ್ಕೂ "ನಾನು ಹೇಳ್ಲಿಲ್ವಾ, ನಾನು ಹೇಳ್ಲಿಲ್ವಾ," ಅಂತ ಒಂದೇ ಸಮನೆ ಗೊಣಗುತ್ತಿದ್ದರಂತೆ. ಇನ್ನೊಬ್ಬರು ತೆಳ್ಳಗೆ, ನೆಟ್ಟಗೆ, ಉತ್ತರವನ್ನೇ ಕೊಡದೆ ಮುಂದೆ ಹೋಗುತ್ತಿದ್ದರಂತೆ. "ಆದ್ರೆ ಒಂದು ವಿಷ್ಯ ಕಣೆ," ಅಂದ ಪಾಂಗ್. "ಪ್ರತಿ ತಿರುವಲ್ಲೂ ನಿಂತು, ಬಲಗೈ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ನೋಡ್ಕೋತಿದ್ರು. ಹೊಸ ಆಟದ ಸಾಮಾನು ಸಿಕ್ಕ ಮಗು ಥರ."

ಇದನ್ನು ಕೇಳಿ ನಾನು ಅಡುಗೆಮನೆಯಲ್ಲಿ ಕುಣಿದೆ. ನಿಜವಾಗಿ ಕುಣಿದೆ, ಕಷಾಯದ ಅಜ್ಜ ಸಾಕ್ಷಿ.

ಈಗ ಕ್ಷೇಮಸಮಾಚಾರ. ನಾನು ಚೆನ್ನಾಗಿದ್ದೇನೆ. ಹೊಸ ಚಹಾ ಚಿಗುರು ಬಂದಿದೆ, ಒಂದು ಪೊಟ್ಟಣ ಕಟ್ಟಿಟ್ಟಿದ್ದೇನೆ. ಅಪ್ಪನ ಸಮಾಧಿ ಗುಡಿಸುವ ಹಬ್ಬಕ್ಕೆ ಬರಲಾಗಲಿಲ್ಲ, ಇಲ್ಲಿಂದಲೇ ಅವನ ದಿಕ್ಕಿಗೆ ಮೂರು ಊದುಬತ್ತಿ ಹಚ್ಚಿದೆ. ನೀನು ಮನೆಯಲ್ಲಿ ಹಾಕುತ್ತಿದ್ದ ಜೋಡಿ ಮೀನಿನ ಕಸೂತಿ ಎಲ್ಲಿಗೆ ಬಂತು? ಎರಡನೇ ಮೀನಿನ ಕಣ್ಣು ತುಂಬಿದೆಯಾ? ಚಿಕ್ಕಮ್ಮ ಹೇಗಿದ್ದಾಳೆ, ಅವಳ ಕೊಡೆ ಹೇಗಿದೆ? ಅವಳು ನಿನ್ನ ಬಗ್ಗೆ ನನಗೆ ಏನೂ ಬರೆದಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದ್ದರಿಂದ ನಿನ್ನ ಕೈ ಹೇಗಿದೆ ಅಂತ ಕೇಳುವ ಕಾರಣವೇ ನನಗಿಲ್ಲ.

ಹುಷಾರಾಗಿರು. ಕೆಲಸದ ನಡುವೆ ಕೈಗೆ ಬಿಡುವು ಕೊಡು. ರಾತ್ರಿ ಮಣಿಕಟ್ಟನ್ನು ಮಡಿಸಿಕೊಂಡು ಮಲಗಬೇಡ. ಇದು ಎಲ್ಲ ಅಮ್ಮಂದಿರಿಗೂ ನಾವು ಹೇಳುವ ಮಾತು.

ನಿನ್ನ ಕೆಳಗಿನ ಕೈ,
ನಿಂಗ್‌ಶು

ಮರೆತ ಮಾತು: ಆ ಅಮ್ಮನವರನ್ನು ನೀನು ಎಲ್ಲಾದರೂ ಕಂಡರೆ ಮೂರು ವಿಷಯ ತಿಳಿಸು. ಒಂದು, ಒಂದೇ ಸಲಕ್ಕೆ ಇದು ಗುಣವಾಗುವುದಿಲ್ಲ. ಬೇಸಿಗೆ ಮುಗಿಯುವವರೆಗೆ ವಾರಕ್ಕೊಮ್ಮೆ ಬರಬೇಕು, ಆಗಲೂ ಪೂರ್ತಿ ಹೋಗುತ್ತದೆ ಅಂತ ಗುರುಮ್ಮ ಮಾತು ಕೊಡುವುದಿಲ್ಲ. ಇನ್ನೊಂದು, ಸೌದೆಯವರ ಕಾಲುದಾರಿಯಲ್ಲಿ ಬುಡದಿಂದ ತುದಿಯವರೆಗೆ ಒಂದೇ ಒಂದು ಮೆಟ್ಟಿಲೂ ಇಲ್ಲ. ಬೆಟ್ಟದ ಮೆಟ್ಟಿಲು ಹತ್ತುವುದಿಲ್ಲ ಅಂತ ಆಣೆ ಮಾಡಿದವರು ಯಾರೇ ಇರಲಿ, ಆ ದಾರಿಯಲ್ಲಿ ಧಾರಾಳವಾಗಿ ಬರಬಹುದು. ಪರದೆ ಬೇಕೆಂದರೆ ಕಟ್ಟುತ್ತೇವೆ, ಬೇಡವೆಂದರೆ ಇಲ್ಲ.

ಕೊನೆಯದು, ಅವರು ಕುರ್ಚಿಯ ತೋಳಿನ ಮೇಲೆ ತಮ್ಮ ಹಿತ್ತಾಳೆಯ ಹೊಲಿಗೆಯುಂಗುರ ಬಿಟ್ಟು ಹೋಗಿದ್ದಾರೆ. ಸಡಿಲವಾಗದಿರಲಿ ಅಂತ ಅದರ ಒಳಗೆ ನೀಲಿ ರೇಷ್ಮೆ ಸುತ್ತಿದೆ. ಆ ಗಂಟು ನನ್ನದು, ಹನ್ನೊಂದನೇ ವಯಸ್ಸಿನಲ್ಲಿ ನಾನೇ ಹಾಕಿದ್ದು, ಆಗಲೂ ಸೊಟ್ಟಗೇ ಇತ್ತು. ಸ್ನಾನಕ್ಕೂ ಕಳಚದವರು ಇದನ್ನು ಮರೆತು ಹೋಗಿರಲಾರರು. ಅಂಚೆಯಲ್ಲಿ ಕಳಿಸುವುದಿಲ್ಲ, ನನ್ನ ಬೆರಳಲ್ಲಿ ಹಾಕಿಕೊಂಡಿದ್ದೇನೆ. ಮಂಗಳವಾರ ಬಂದು ತೆಗೆದುಕೊಂಡು ಹೋಗು. ಈ ಸಲ ಊಟ ಮಾಡಿಕೊಂಡು ಬಾ, ಅಮ್ಮ.